ಮಾತು ಬಾರದ ಮಗುವಿಗೆ ದೀಕ್ಷೆ ಯಾವಾಗ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಸದ್ಭಕ್ತರು ಈಚೆಗೆ ಪದೇ ಪದೇ ಕೇಳುತ್ತಿರುವ ಪ್ರಶ್ನೆಯಿದು. ಮಗನಿಗೆ ಎಂಟು ವರ್ಷ ತುಂಬಿತು, ದೀಕ್ಷೆಯ ವಯಸ್ಸು. ಆದರೆ ಮಾತಿಲ್ಲ, ಕರೆದರೆ ತಿರುಗಿ ನೋಡುವುದಿಲ್ಲ. ವೈದ್ಯರು ಇದನ್ನು ಆಟಿಸಂ ಎನ್ನುತ್ತಾರೆ. ಕನ್ನಡದಲ್ಲಿ ಸ್ವಲೀನತೆ ಎಂಬ ಹೆಸರು ಬಳಕೆಗೆ ಬಂದಿದೆ. ತಂದೆಯ ಮಾತು: "ಸುಧಾರಿಸಲಿ, ಪಂಚಾಕ್ಷರಿ ನುಡಿಯುವಂತಾಗಲಿ, ಆಮೇಲೆ ಮಾಡಿಸೋಣ." ತಾಯಿಯ ಮಾತು: "ಹೇಗಿದ್ದಾನೋ ಹಾಗೆಯೇ ಮಾಡಿಸಿರಿ, ಶಾಸ್ತ್ರಿಗಳೆ."

ಗರ್ಭಸ್ಥ ಶಿಶುವಿಗೇ ಎಂಟನೆಯ ತಿಂಗಳಲ್ಲಿ ಲಿಂಗಧಾರಣ ಮಾಡಿಸುವ ಸಂಪ್ರದಾಯ ನಮ್ಮದು. ಆಗ ಅದರ ಬುದ್ಧಿಯನ್ನು ಯಾರೂ ಅಳೆಯಲಿಲ್ಲ. ಅಂದ ಮೇಲೆ ಎಂಟನೆಯ ವರ್ಷದಲ್ಲಿ ಮಾತಿನ ಪರೀಕ್ಷೆ ಏಕೆ? ಮಂತ್ರವನ್ನು ಗುರುವು ಕಿವಿಯಲ್ಲಿ ಉಪದೇಶಿಸುತ್ತಾನೆ. ಕಿವಿ ಈ ಮಗುವಿಗೂ ಉಂಟು. ಇಲ್ಲಿ ನಾನು ತಾಯಿಯ ಪಕ್ಷ.

ಹಾಗೆಂದು ತಂದೆಯ ಆಸೆಯನ್ನು ಹಳಿಯಲಾರೆ. ಚಿಕ್ಕಂದಿನಲ್ಲೇ ಆರಂಭಿಸಿದ ತರಬೇತಿಯಿಂದ ಅನೇಕ ಮಕ್ಕಳು ತಮಗೆ ಬೇಕಾದುದನ್ನು ತಿಳಿಸಲು, ಉಣ್ಣಲು, ಉಡಲು ಕಲಿಯುತ್ತಾರೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಆಸರೆ. ಆದರೆ ಹೊಲ ಮಾರಿ, ಪೂರ್ತಿ ವಾಸಿ ಮಾಡುತ್ತೇವೆನ್ನುವವರ ಬಾಗಿಲಿಗೆ ಅಲೆಯುವುದು ಬೇರೆ. ಸ್ವಲೀನತೆಯನ್ನು ಕಳೆಯುವ ಔಷಧ ಇಂದಿಗೂ ಇಲ್ಲ.

ತಾಯಿಯ ಒಪ್ಪಿಗೆಯಲ್ಲಿಯೂ ಒಂದು ಅಪಾಯವಿದೆ. ಶಿವನು ಕೊಟ್ಟ ಪ್ರಸಾದವೆಂದು ಕೈಮುಗಿದು, ಮಗುವಿಗೆ ಏನನ್ನೂ ಕಲಿಸದೆ ಒಳಕೋಣೆಯಲ್ಲಿ ಇರಿಸಿಕೊಂಡ ಮನೆಗಳಿವೆ. ಹನ್ನೆರಡರ ಹುಡುಗನಿಗೆ ಇನ್ನೂ ತುತ್ತು ಮಾಡಿ ಉಣ್ಣಿಸುವ ತಾಯಂದಿರನ್ನು ಕಂಡಿದ್ದೇನೆ. ತಾಯಿಯ ನಂತರ ಉಣ್ಣಿಸುವವರು ಯಾರು? ೧೯೯೯ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಪ್ರಕಾರ, ಹದಿನೆಂಟು ತುಂಬಿದ ಮೇಲೂ ಅವಶ್ಯವಿರುವವರಿಗೆ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಯ ಮೂಲಕ ಪೋಷಕರನ್ನು ನೇಮಿಸಿಕೊಳ್ಳಬಹುದು. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯೂ ಸ್ವಲೀನತೆಯನ್ನು ಹೆಸರಿಸಿದೆ. ಪ್ರಮಾಣಪತ್ರವನ್ನು ಮಾಡಿಸಿಡಿರಿ.

ಇನ್ನೊಂದು ಮಾತು, ಮನೆಯ ಹಿರಿಯರಿಗೆ. ಲಿಯೋ ಕ್ಯಾನರ್ ಎಂಬ ವೈದ್ಯನು ೧೯೪೩ರಲ್ಲಿ ಇದನ್ನು ವಿವರಿಸಿದ ಮೇಲೆ, ತಾಯಿಯ ಪ್ರೀತಿ ಸಾಲದುದೇ ಕಾರಣವೆಂದು ಪಶ್ಚಿಮದ ಪಂಡಿತರು ಕೆಲಕಾಲ ನಂಬಿದ್ದರು. ಅವರು ಅದನ್ನು ಬಿಟ್ಟು ದಶಕಗಳೇ ಕಳೆದವು. ನಮ್ಮ ಅತ್ತೆಯಂದಿರು ಇನ್ನೂ ಬಿಟ್ಟಿಲ್ಲ.

ಇನ್ನು ದೀಕ್ಷೆಯ ವಿಧಿ. ಕೊಟ್ಟೂರೇಶ್ವರನ ತೇರಿನ ಸಮಯದಲ್ಲಿ, ಸಮಾಳದ ಸದ್ದಿನ ನಡುವೆ ಬೇಡ; ಗದ್ದಲವು ಇಂಥ ಅನೇಕ ಮಕ್ಕಳಿಗೆ ಸಹಿಸದು. ಮನೆಯಲ್ಲಿ, ಬೆಳಗಿನ ಜಾವ, ನಾಲ್ಕೇ ಜನರ ಮುಂದೆ ಆಗಲಿ. ಕೊರಳಿಗೆ ದಾರ ತಾಗಿದರೆ ಕಿತ್ತೆಸೆಯುತ್ತಾನೆಂಬ ಭಯ ಬೇಡ. ಸಿದ್ಧಾಂತ ಶಿಖಾಮಣಿಯು ಲಿಂಗಧಾರಣಕ್ಕೆ ಕೊರಳೊಂದನ್ನೇ ಹೇಳಿಲ್ಲ. ತಲೆ, ಕಂಕುಳು, ಎದೆ, ಕೈಗಳನ್ನೂ ಹೇಳಿದೆ. ಮಗುವಿಗೆ ಒಗ್ಗುವ ಸ್ಥಾನವನ್ನು ಗುರುಗಳೊಡನೆ ಮೊದಲೇ ಮಾತಾಡಿಕೊಳ್ಳಿರಿ. ಕರಡಿಗೆಯನ್ನೂ ವಿಭೂತಿಯ ಗಟ್ಟಿಯನ್ನೂ ಹದಿನೈದು ದಿನ ಮುಂಚೆಯೇ ಅವನ ಕೈಗೆ ಕೊಟ್ಟು ರೂಢಿ ಮಾಡಿಸಿರಿ.