ಕತ್ತಲಲ್ಲಿ ಸಾಗುವ ಕಬ್ಬಿನ ಟ್ರ್ಯಾಕ್ಟರ್

ಕಬ್ಬು ನುರಿಸುವ ಹಂಗಾಮಿನಲ್ಲಿ ಘಟಪ್ರಭಾದಿಂದ ಧುಪದಾಳದತ್ತ ರಾತ್ರಿ ಪ್ರಯಾಣಿಸಲು ಗಟ್ಟಿ ಎದೆ ಬೇಕು. ಎರಡೆರಡು ಟ್ರೇಲರ್ ಎಳೆಯುವ ಹಳೆಯ ಟ್ರ್ಯಾಕ್ಟರುಗಳಲ್ಲಿ ಹಲವಕ್ಕೆ ಹಿಂದಿನ ದೀಪವಿಲ್ಲ, ಕೆಲವಕ್ಕೆ ಮುಂದಿನದೂ ಮಿಣುಕುತ್ತದೆ. 1887ರಷ್ಟು ಹಿಂದೆಯೇ ವಿದ್ಯುತ್ ಉತ್ಪಾದಿಸಿದ ಹೆಮ್ಮೆಯ ಗೋಕಾಕ ಜಲಪಾತದ ನೆರೆಯಲ್ಲಿ ಈ ಕತ್ತಲು! ಸೇವೆಯಲ್ಲಿದ್ದಾಗ ನಾನೂ ಈ ಕುರಿತು ಸಭೆ ನಡೆಸಿದ್ದೇನೆ. ಟ್ರೇಲರಿಗೆ ಕೆಂಪು ಪ್ರತಿಫಲಕ ಅಂಟಿಸಿ ಛಾಯಾಚಿತ್ರಕ್ಕೂ ನಿಂತಿದ್ದೇನೆ. ದೀಪವೇಕೆ ಉರಿಯುವುದಿಲ್ಲ ಎಂದು ಮಾತ್ರ ಕೇಳಿರಲಿಲ್ಲ.

ನಿವೃತ್ತಿಯ ಬಳಿಕ ಅದನ್ನು ತಿಳಿಸಿದವರು ಆಟೊ ಎಲೆಕ್ಟ್ರಿಷಿಯನ್ ಒಬ್ಬರು. 'ಬಲ್ಬ್ ಹಾಕಿದ್ರ ಏನ್ ಬಂತ್ರೀ ಸಾಹೇಬ್ರ, ಕಟೌಟ್ ಹೋಗೇತಿ' ಎಂದರು. ಅವರು ಕಟೌಟ್ ಎಂದದ್ದು ವೋಲ್ಟೇಜ್ ರೆಗ್ಯುಲೇಟರಿಗೆ. ಎಂಜಿನ್ ವೇಗ ಹೆಚ್ಚಿದಂತೆ ಡೈನಮೊದ ವೋಲ್ಟೇಜ್ ಏರುತ್ತದೆ. ಅದನ್ನು ಸುಮಾರು 14 ವೋಲ್ಟಿಗೆ ಹಿಡಿದು 12 ವೋಲ್ಟಿನ ಬ್ಯಾಟರಿಗೆ ಉಣಿಸುವುದು ರೆಗ್ಯುಲೇಟರಿನ ಕೆಲಸ. ವೋಲ್ಟೇಜ್ ಮಿತಿಮೀರಿದರೆ ಬ್ಯಾಟರಿಯ ನೀರು ಇಂಗಿ, ಬಲ್ಬುಗಳು ಸುಡುತ್ತವೆ. ಕಡಿಮೆಯಾದರೆ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಅದು ಸಾಯುತ್ತದೆ. ಹಳೆಯ ಮಾದರಿಗಳಲ್ಲಿ ಅದುರುತ್ತ ತೆರೆದು ಮುಚ್ಚುವ ಲೋಹದ ಪಾಯಿಂಟುಗಳಿವೆ. ಧೂಳು ಮತ್ತು ಕಿಡಿಗೆ ಅವು ಸವೆಯುವುದು ಸಹಜ.

ಆದರೆ ಹಳೆಯ ಡೀಸೆಲ್ ಎಂಜಿನ್ ಒಮ್ಮೆ ಶುರುವಾದರೆ ಓಡಲು ವಿದ್ಯುತ್ತನ್ನು ಬೇಡುವುದಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿ, ತಳ್ಳಿ ಚಾಲೂ ಮಾಡಿದರಾಯಿತು. ಹಾಗಾಗಿ ದುರಸ್ತಿಯ ಖರ್ಚು ಮಾಲೀಕನದು, ದುರಸ್ತಿ ಮಾಡಿಸದ ನಷ್ಟ ಹಿಂದೆ ಬರುವ ಬೈಕ್ ಸವಾರನದು. ಅರ್ಥಶಾಸ್ತ್ರದಲ್ಲಿ ಇದನ್ನು ಬಾಹ್ಯ ಪರಿಣಾಮ ಎಂದು ಓದಿದ್ದೆ. ರಸ್ತೆಯಲ್ಲಿ ಅದರ ಹೆಸರು ಸಾವು.

ಸೆಪ್ಟೆಂಬರ್ 2025ರಲ್ಲಿ ಟ್ರ್ಯಾಕ್ಟರುಗಳ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಕೊಳ್ಳುವವರಿಗೆ ಸಂತೋಷ. ಆದರೆ ಹಳೆಯವು ಓಡುತ್ತಲೇ ಇರುತ್ತವೆ. ಪಿಂಜೋರ್‌ನ ಎಚ್‌ಎಂಟಿ ಟ್ರ್ಯಾಕ್ಟರ್ ಘಟಕವನ್ನು ಮುಚ್ಚಲು 2016ರಲ್ಲೇ ನಿರ್ಧಾರವಾದರೂ ಆ ಟ್ರ್ಯಾಕ್ಟರುಗಳನ್ನು ನಂಬಿದ ರೈತರು ಇದ್ದಾರೆ. ದಂಡ ವಿಧಿಸುವುದರಿಂದಲೂ ಪ್ರಯೋಜನ ಕಡಿಮೆ: ಚಾಲಕ ದಂಡ ತೆತ್ತು ಅದೇ ಕತ್ತಲಲ್ಲಿ ಮುಂದೆ ಸಾಗುತ್ತಾನೆ.

ಸಾಗಣೆಯ ಬಾಡಿಗೆ ಪಾವತಿಸುವ ಸಕ್ಕರೆ ಕಾರ್ಖಾನೆಗಳೇ ಹಂಗಾಮಿಗೆ ಮುನ್ನ ತಮ್ಮ ಅಂಗಳದಲ್ಲಿ ಪರೀಕ್ಷೆ ನಡೆಸಬಹುದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಗೆ ಮೀಟರ್ ಹಿಡಿಯಲು ಎರಡು ನಿಮಿಷ ಸಾಕು. ಕೆಟ್ಟಿದ್ದರೆ ಅಲ್ಲಿಯೇ ಹೊಸ ರೆಗ್ಯುಲೇಟರ್ ಹಾಕಿಸಿ, ಬೆಲೆಯನ್ನು ಬಾಡಿಗೆಯಲ್ಲಿ ಕಂತಾಗಿ ಮುರಿದುಕೊಳ್ಳಲಿ. ಟ್ರೇಲರಿನ ವೈರಿಂಗ್ ಬೇರೆಯೇ ತಲೆನೋವು, ಅದನ್ನೂ ಆಗಲೇ ನೋಡಬೇಕು. ದೀಪ ಉರಿಯುವ ಗಾಡಿಗೆ ಮಾತ್ರ ರಾತ್ರಿಯ ಪಾಳಿಯ ಚೀಟಿ ಕೊಡುವುದು ಜಿಲ್ಲಾಡಳಿತ ಹಾಕಬಹುದಾದ ಷರತ್ತು.