ನಾಗವಲ್ಲಿ ಗೆದ್ದಳು, ಗಂಗಾ ಸೋತಳು

2004ರಲ್ಲಿ ‘ಆಪ್ತಮಿತ್ರ’ ತೆರೆಗೆ ಬಂದಾಗ ಅದು ಆ ಪರಿ ಓಡೀತೆಂದು ಯಾರೂ ಎಣಿಸಿರಲಿಲ್ಲ. ಸಾಲು ಸೋಲುಗಳಿಂದ ಕಂಗೆಟ್ಟಿದ್ದ ನಿರ್ಮಾಪಕ ದ್ವಾರಕೀಶ್ ಅವರ ಕೈಹಿಡಿದ ಚಿತ್ರವದು. ಕೋಟುಮಚಗಿಯಂಥ ಗದಗ ಸೀಮೆಯ ಹಳ್ಳಿಗಳಲ್ಲೂ ಟಿ.ವಿ.ಯಲ್ಲಿ ಬಂದಾಗಲೆಲ್ಲ ನಾವು ಅದನ್ನು ನೋಡಿದ್ದೇವೆ. ಆದರೆ ನೆನಪಿಟ್ಟುಕೊಂಡದ್ದೇನು?

ಪ್ರಿಯಕರನನ್ನೂ ತನ್ನ ಪ್ರಾಣವನ್ನೂ ರಾಜನ ಕೈಯಲ್ಲಿ ಕಳೆದುಕೊಂಡ ನರ್ತಕಿ ನಾಗವಲ್ಲಿ ಅಲ್ಲಿ ಒಂದು ಹಳೆಯ ಕಥೆ ಮಾತ್ರ. ಕಾಯಿಲೆ ಇರುವುದು ಗಂಗಾಳಿಗೆ. ಆಕೆಗೆ ದೆವ್ವ ಹಿಡಿದಿಲ್ಲ, ಮನಸ್ಸು ನೊಂದಿದೆ ಎಂದು ಗುರುತಿಸುವವನು ಮನೋವೈದ್ಯ. ಮಂತ್ರ ಬಲ್ಲ ಆಚಾರ್ಯರೂ ವೈದ್ಯನ ಮಾತಿಗೆ ಕಿವಿಗೊಡುತ್ತಾರೆ. 1993ರ ಮಲಯಾಳಂ ಮೂಲ ‘ಮಣಿಚಿತ್ರತಾಳ್’ ಹೇಳಿದ್ದೂ ಇದನ್ನೇ.

ಜನ ಮನೆಗೆ ಒಯ್ದದ್ದು ಮಾತ್ರ ವೈದ್ಯನನ್ನಲ್ಲ, ದೆವ್ವವನ್ನು! ನಟಿ ಸೌಂದರ್ಯ ಚಿತ್ರ ಬಿಡುಗಡೆಗೆ ಮೊದಲೇ ವಿಮಾನ ದುರಂತದಲ್ಲಿ ತೀರಿಕೊಂಡರು. 2009ರ ಕೊನೆಗೆ ವಿಷ್ಣುವರ್ಧನ್ ಅಗಲಿದರು. ಎರಡಕ್ಕೂ ನಾಗವಲ್ಲಿಯೇ ಕಾರಣವೆಂಬ ಪುಕಾರು ಹಬ್ಬಿತು. 2010ರ ‘ಆಪ್ತರಕ್ಷಕ’ದಲ್ಲಂತೂ ನಾಗವಲ್ಲಿಯ ಚಿತ್ರಪಟವೇ ಇನ್ನೊಂದು ಮನೆಗೆ ಕೇಡು ತಂದಿತು. ಹೆದರಿಕೆಗೆ ಗಿರಾಕಿಗಳಿದ್ದಾರೆಂದು ಚಿತ್ರರಂಗ ಅರಿತುಕೊಂಡಿತ್ತು.

ಸಿನಿಮಾ ತಾನೇ, ಬಿಡಿ ಎನ್ನುವವರಿದ್ದಾರೆ. ಬಿಡುವುದು ಹೇಗೆ? ಮದುವೆಯಾದ ಹೊಸತರಲ್ಲಿ ಮಂಕಾದ ಸೊಸೆಗೆ ‘ಗಾಳಿ ಸೋಕಿದೆ’ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಅದನ್ನೇ ‘ಆಸೇಬ್’ ಎನ್ನುತ್ತೇವೆ. ಒಬ್ಬರು ನಿಂಬೆಹಣ್ಣು ಕೊಯ್ದರೆ, ಇನ್ನೊಬ್ಬರು ತಾಯಿತ ಕಟ್ಟುತ್ತಾರೆ. ಹೆಸರು ಬೇರೆ, ಹೊಡೆತ ತಿನ್ನುವವಳು ಅದೇ ಹೆಣ್ಣು. ಆಕೆಗೆ ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಯಾರು ಏನೆಂದರು ಎಂದು ಕೇಳುವವರಿಲ್ಲ.

ಬೇರೆಯವರ ಮೌಢ್ಯವನ್ನು ಆಡಿಕೊಳ್ಳುವ ಮೊದಲು ನಾವು ಏರ್ವಾಡಿಯನ್ನು ನೆನೆಯಬೇಕು. ತಮಿಳುನಾಡಿನ ಆ ದರ್ಗಾದ ಊರಿನಲ್ಲಿ 2001ರ ಆಗಸ್ಟ್ 6ರಂದು ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಿಗಿದಿದ್ದ ಮನೋರೋಗಿಗಳು ಓಡಲಾರದೆ ಸುಟ್ಟುಹೋದರು. ಸತ್ತವರು 28 ಮಂದಿ. ಅವರನ್ನು ಅಲ್ಲಿಗೆ ಕರೆದೊಯ್ದದ್ದು ಜಿನ್ನುಗಳಲ್ಲ, ಸ್ವಂತ ಮನೆಯವರು. ರೋಗಕ್ಕೆ ಮದ್ದುಂಟು, ಚಿಕಿತ್ಸೆ ಪಡೆಯಿರಿ ಎಂದ ಪ್ರವಾದಿಯವರ (ಸ) ಅನುಯಾಯಿಗಳು ನಾವು!

ಪ್ರಾರ್ಥನೆ ಮಾಡಬೇಡಿ ಎಂದು ನಾವು ಹೇಳುತ್ತಿಲ್ಲ. ದುಆ ಮಾಡಿ, ದೇವರ ಹರಕೆ ಹೊರಿ; ಜೊತೆಗೆ ಗದಗ, ಹುಬ್ಬಳ್ಳಿ ದಾಟಿ ಧಾರವಾಡಕ್ಕೂ ಹೋಗಿ. ಅಲ್ಲಿನ ಮಾನಸಿಕ ಆಸ್ಪತ್ರೆಗೆ 1845ರಿಂದಲೂ ಇತಿಹಾಸವಿದೆ. ತೆರೆಯ ಮೇಲಿನ ಗಂಗಾ ವಾಸಿಯಾದಳು. ನಮ್ಮೂರ ಗಂಗಾ, ನಮ್ಮೂರ ಜುಬೇದಾ ವಾಸಿಯಾಗುವುದು ಯಾವಾಗ?