ಪಂದ್ಯದ ಕಾರಿಗೆ ಬಂಕಿನ ಪೆಟ್ರೋಲು ಸಾಲದೇ?

ನವಿಮುಂಬಯಿ, ಕಲ್ಯಾಣಗಳ ಕಡೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವ ನಮ್ಮವರ ಮಕ್ಕಳಿಗೂ ಈಗ ಚಿಕ್ಕ ಪಂದ್ಯದ ಕಾರು ಕಟ್ಟುವ ಹವ್ಯಾಸ ಹತ್ತಿದೆ. ಇದು ಸಂತೋಷದ ಸಂಗತಿ. ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು ಕಚೇರಿಗೆ ಹೋಗುವ ಗುಮಾಸ್ತನ ಮಗನೋ, ಥಾಣೆಯ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನ ಮಗಳೋ ತಾವೇ ಕಟ್ಟಿದ ಯಂತ್ರವನ್ನು ಓಡಿಸಿ ತೋರಿಸುವುದು ಸಾಮಾನ್ಯವೇ? ಆದರೆ ತಂಡದ ಖರ್ಚಿನ ಪಾಲು ಕೊನೆಗೆ ತಂದೆಯ ಜೇಬಿಗೇ ಬರತಕ್ಕದ್ದು. ಟೈರು, ವೆಲ್ಡಿಂಗು, ಪ್ರಯಾಣಗಳ ಜೊತೆಗೆ “ರೇಸಿಂಗ್ ಪೆಟ್ರೋಲು ಬೇಕು” ಎಂಬ ಬೇಡಿಕೆಯೂ ಬಂದಾಗ ಒಂದು ಕ್ಷಣ ನಿಂತು ವಿಚಾರಿಸುವುದು ಯುಕ್ತ.

ಆಕ್ಟೇನ್ ಎಂಬ ಅಂಕಿಯೇ ಜನರನ್ನು ಮೋಸಗೊಳಿಸುವುದು. 100 ಎಂಬುದು 91ಕ್ಕಿಂತ ಹೆಚ್ಚು, ಆದುದರಿಂದ ಬಲವೂ ಹೆಚ್ಚು ಎಂದು ಭಾವಿಸುತ್ತಾರೆ. ಹಾಗಲ್ಲ. ಸಿಲಿಂಡರಿನಲ್ಲಿ ಒತ್ತಲ್ಪಟ್ಟ ಮಿಶ್ರಣವು ಕಿಡಿಯ ಜ್ವಾಲೆ ತಲುಪುವ ಮೊದಲೇ ತಾನಾಗಿ ಸಿಡಿದರೆ ಇಂಜಿನು ಟಕಟಕನೆ ಬಡಿದುಕೊಳ್ಳುತ್ತದೆ. ಪಿಸ್ಟನ್ನಿಗೆ ಅದು ಮಾರಕ. ಆ ಬಡಿತವನ್ನು ಇಂಧನವು ಎಷ್ಟರಮಟ್ಟಿಗೆ ತಡೆಯಬಲ್ಲುದೆಂಬ ಅಳತೆಯೇ ಆಕ್ಟೇನ್. ನಮ್ಮ ಅಡಿಗೆಮನೆಯ ಮಾತಿನಲ್ಲಿ ಹೇಳುವುದಾದರೆ, ದಪ್ಪ ತಳದ ಪಾತ್ರೆ ಹೆಚ್ಚು ಉರಿಯನ್ನು ತಾಳಿಕೊಳ್ಳುತ್ತದೆ. ಉರಿ ಹೆಚ್ಚಿಸದೆ ಪಾತ್ರೆಯನ್ನಷ್ಟೇ ಬದಲಿಸಿದರೆ ಅನ್ನ ಬೇಗ ಬೇಯುವುದಿಲ್ಲ.

ಈಗ ವಿದ್ಯಾರ್ಥಿಗಳ ಕಾರನ್ನೇ ನೋಡೋಣ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುತ್ತ ಬಂದಿರುವ ಫಾರ್ಮುಲಾ ಭಾರತ್‌ನಂತಹ ಸ್ಪರ್ಧೆಗಳಲ್ಲಿ ಪೆಟ್ರೋಲ್ ಕಾರಿನ ಇಂಜಿನು 710 ಸಿ.ಸಿ. ಮೀರಕೂಡದು, ಅದು ಸೇದುವ ಗಾಳಿಯೆಲ್ಲವೂ 20 ಮಿಲಿಮೀಟರ್ ವ್ಯಾಸದ ಒಂದೇ ರಂಧ್ರದ ಮೂಲಕ ಹೋಗಬೇಕು. ಸುಮಾರು ಒಂದು ರೂಪಾಯಿ ನಾಣ್ಯದಷ್ಟು ಕಿಂಡಿ! ಮೂಗನ್ನೇ ಹಿಡಿದಿರುವಾಗ ಬಾಯಿಗೆ ಮೃಷ್ಟಾನ್ನವಿಟ್ಟು ಫಲವೇನು? ಗಾಳಿ ಮಿತವಾದಲ್ಲಿ ಸಿಲಿಂಡರು ಪೂರ್ತಿ ತುಂಬುವುದಿಲ್ಲ, ವೇಗ ಏರಿದಂತೆ ಬಡಿತದ ಭಯವೂ ತಗ್ಗುತ್ತದೆ. ಟರ್ಬೋ ಕೂರಿಸಿದವರ, ಕಂಪ್ರೆಶನ್ ವಿಪರೀತ ಏರಿಸಿದವರ ಮಾತು ಬೇರೆ. ಅವರಿಗೆ ಮೇಲ್ತರದ ಇಂಧನ ನಿಜವಾಗಿಯೂ ಬೇಕು. ಮೋಟಾರ್‌ಸೈಕಲಿನ ಇಂಜಿನನ್ನು ಇದ್ದ ಹಾಗೆಯೇ ಕೂರಿಸಿದ ತಂಡಕ್ಕೆ ಬೇಡ.

ಇಂಡಿಯನ್ ಆಯಿಲ್ ಕಂಪನಿಯು 100 ಆಕ್ಟೇನಿನ ಎಕ್ಸ್‌ಪಿ100 ಪೆಟ್ರೋಲನ್ನು 2020ರ ಡಿಸೆಂಬರಿನಲ್ಲಿ ಮುಂಬಯಿ ಸೇರಿ 10 ನಗರಗಳಲ್ಲಿ ಬಿಡುಗಡೆ ಮಾಡಿದಾಗ ದಿಲ್ಲಿಯಲ್ಲಿ ಲೀಟರಿಗೆ 160 ರೂಪಾಯಿ. ಸಾದಾ ಪೆಟ್ರೋಲಿನ ಬೆಲೆ ಅದರ ಅರ್ಧದಷ್ಟು. ಇತ್ತ ಸಾದಾ ಪೆಟ್ರೋಲೂ ಹಿಂದಿನದಾಗಿ ಉಳಿದಿಲ್ಲ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಪ್ರಾರಂಭಿಸಲ್ಪಟ್ಟ, ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲೇ ಈಗ ಬಂಕುಗಳಲ್ಲಿ ಸಾಮಾನ್ಯ. ಎಥನಾಲಿನ ಆಕ್ಟೇನ್ 100ಕ್ಕೂ ಮೇಲು. ಆದಕಾರಣ ಬಡಿತ ತಡೆಯುವುದರಲ್ಲಿ ಈ ಪೆಟ್ರೋಲು ಹಿಂದಿನದಕ್ಕಿಂತ ಉತ್ತಮವೇ. ದೋಷವಿರುವುದು ಬೇರೆ ಕಡೆ. ಎಥನಾಲಿನಲ್ಲಿ ಶಾಖಶಕ್ತಿ ಕಡಿಮೆ; ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಹಳೆಯ ಅಳತೆಯಲ್ಲೇ ಓಡಿಸಿದರೆ ಮಿಶ್ರಣ ತೆಳುವಾಗಿ ಇಂಜಿನು ಕಾಯುತ್ತದೆ. ಆದುದರಿಂದ ಯಾವ ಇಂಧನದಲ್ಲಿ ಸ್ಪರ್ಧೆಯೋ ಅದೇ ಇಂಧನದಲ್ಲಿ ತಿಂಗಳುಗಟ್ಟಲೆ ಶ್ರುತಿ ಮಾಡಿಕೊಳ್ಳಬೇಕು. ಸಂಘಟಕರು ಒಪ್ಪದ ಇಂಧನವನ್ನು ಅಲ್ಲಿ ಹಾಕುವಂತೆಯೂ ಇಲ್ಲ. ಮಕ್ಕಳು ಮೊದಲು ನಿಯಮಾವಳಿಯನ್ನು ಓದಲಿ. ಉಳಿದ ಹಣ ಟೈರಿಗೂ ಚಾಲಕನ ಅಭ್ಯಾಸಕ್ಕೂ ಹೋಗಲಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಸೀಸ ಬೆರೆತ ವಿಮಾನದ ಪೆಟ್ರೋಲನ್ನು ಯಾರೋ ತಂದುಕೊಡುತ್ತಾರೆಂದರೆ ಅದನ್ನಂತೂ ಮುಟ್ಟಲೇಬಾರದು. ನಮ್ಮ ದೇಶವು ಮೋಟಾರು ಪೆಟ್ರೋಲಿನಲ್ಲಿ ಸೀಸವನ್ನು 2000ದಲ್ಲೇ ಕೈಬಿಟ್ಟಿತು. ಅದು ಆಕ್ಸಿಜನ್ ಸೆನ್ಸರನ್ನು ಕೆಡಿಸುವುದಷ್ಟೇ ಅಲ್ಲ, ಉಸಿರಾಡುವವರಿಗೂ ವಿಷ.

ರಾತ್ರಿ ಹೋಟೆಲು ಮುಚ್ಚಿದ ಮೇಲೆ ಘೋಡ್‌ಬಂದರ್ ರಸ್ತೆಯಲ್ಲಿ ಸ್ಕೂಟರನ್ನು ಹಾರಿಸುವ ತರುಣ ಬಂಧುಗಳಿಗೂ ಒಂದು ಮಾತು. 100 ಆಕ್ಟೇನ್ ತುಂಬಿಸಿದರೆ ಸ್ಕೂಟರು ಪಂದ್ಯದ ಕುದುರೆಯಾಗದು. ಸಂಬಳ ಮಾತ್ರ ಬೇಗ ಕರಗುತ್ತದೆ. ಎಥನಾಲಿನಿಂದ ಹಳೆಯ ದ್ವಿಚಕ್ರ ವಾಹನಗಳ ಮೈಲೇಜು ನೂರಕ್ಕೆ 3–4ರಷ್ಟು ಇಳಿದೀತೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಆ ನಷ್ಟವನ್ನು ತುಂಬಲು ಎಷ್ಟೋ ಪಟ್ಟು ಹೆಚ್ಚು ಬೆಲೆ ತೆರುವುದು ಲೆಕ್ಕ ಬಲ್ಲವರ ಕೆಲಸವಲ್ಲ.

ಇನ್ನು ಮಳೆಗಾಲ. ಎಥನಾಲು ತೇವವನ್ನು ಹೀರುತ್ತದೆ. ಕಲ್ಯಾಣ–ಡೊಂಬಿವಲಿಗಳ ಜೂನ್ ತಿಂಗಳ ಗಾಳಿಯಲ್ಲಿ ತೇವಕ್ಕೇನು ಕೊರತೆ? ಸ್ಪರ್ಧೆ ಮುಗಿಸಿ ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸುವ ಮುನ್ನ ಟ್ಯಾಂಕನ್ನು ಪೂರ್ತಿ ಬರಿದು ಮಾಡಿ, ರಬ್ಬರಿನ ಕೊಳವೆಗಳನ್ನು ಒಂದೊಂದಾಗಿ ನೋಡಿ, ಮೆತ್ತಗಾದುದನ್ನು ಕಿತ್ತು ಹೊಸದನ್ನು ಹಾಕತಕ್ಕದ್ದು.